ಎರಡನೇ ದಿನದ ಸ್ಕ್ಯಾನ್

ಮುಟ್ಟಾದ ಎರಡನೇ ದಿನವೇ ಬರಬೇಕು, ತಡವಾದರೆ ಮಾತ್ರೆ ಕೊಡಲು ಆಗುವುದಿಲ್ಲ ಎಂದು ಅತ್ತೆ ಸೊಸೆ ಇಬ್ಬರಿಗೂ ಗಟ್ಟಿಯಾಗಿ ಹೇಳಿ ಕಳಿಸಿದವಳು ನಾನೇ. ಅವರು ಹೇಳಿದಂತೆಯೇ ಬಂದರು. ಅಂದು ಅರಸೀಕೆರೆಯ ನಮ್ಮ ನರ್ಸಿಂಗ್ ಹೋಮಿನ ಸ್ಕ್ಯಾನ್ ಕೋಣೆಯಲ್ಲಿ ನಡೆದದ್ದನ್ನು ಹೇಳುವ ಮೊದಲು ಆ ಹುಡುಗಿ ನನ್ನ ಮುಂದೆ ಬಂದು ಕೂತದ್ದು ಹೇಗೆ ಎಂದು ಹೇಳಬೇಕು.

ನನ್ನದು ಊಟದ ಸಲಹೆ ಕೊಡುವ ಕೆಲಸ. ಹೆರಿಗೆ ಡಾಕ್ಟರಮ್ಮ ಒಬ್ಬರ ಜೊತೆ ಅರಸೀಕೆರೆಯಲ್ಲಿ ಕೂರುತ್ತೇನೆ. ವಾರಕ್ಕೊಮ್ಮೆ ಹಳೇಬೀಡಿಗೆ ಬಸ್ಸು ಹಿಡಿದು ಹೋಗಿ ಒಂದು ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ತೂಕದ ಮೆಷಿನ್ನು, ಟೇಪು ಇಟ್ಟುಕೊಂಡು ಕಾಯುತ್ತೇನೆ. ಬರುವವರಲ್ಲಿ ಹೆಚ್ಚಿನವರು ಪಿಸಿಓಎಸ್ ಇರುವ ಹೆಣ್ಣುಮಕ್ಕಳು. ಅಂಡಾಶಯದಲ್ಲಿ ಅಂಡ ಪೂರ್ತಿ ಬಲಿತು ಹೊರಗೆ ಬರುವುದಿಲ್ಲ, ಅರ್ಧಕ್ಕೇ ನಿಂತು ಸಣ್ಣ ನೀರುಗುಳ್ಳೆಗಳಂತೆ ಉಳಿಯುತ್ತದೆ. ಮುಟ್ಟು ದಿಕ್ಕು ತಪ್ಪುತ್ತದೆ, ಗದ್ದದ ಮೇಲೆ ಕೂದಲು ಮೂಡುತ್ತದೆ, ಕತ್ತಿನ ಹಿಂದೆ ಕಪ್ಪಾಗುತ್ತದೆ, ತೂಕ ಏರುತ್ತದೆ. ಮಾತ್ರೆ ಡಾಕ್ಟರಮ್ಮನ ಪಾಲು, ತಟ್ಟೆ ನನ್ನ ಪಾಲು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ನನಗೆ ಅದರಲ್ಲಿ ಮೊದಲರ್ಧ ಮಾತ್ರ ಗೊತ್ತು ಎಂದು ಡಾಕ್ಟರಮ್ಮ ರೇಗಿಸುತ್ತಿರುತ್ತಾರೆ.

ಆ ಹುಡುಗಿ ಮಾದಿಹಳ್ಳಿ ಕಡೆಯವಳು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಪಿಸಿಓಎಸ್ ಎಂದು ಹೇಳಿ ನನ್ನ ಹತ್ತಿರ ಕಳಿಸಿದ್ದರು. ಗಂಡ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಊರ ಮುಖ ನೋಡುವುದಿಲ್ಲ. ಮನೆಯಲ್ಲಿ ಅತ್ತೆ ಸೊಸೆ, ಎರಡು ಹಸು, ಸ್ವಲ್ಪ ಗದ್ದೆ, ಒಂದಷ್ಟು ತೆಂಗಿನ ಮರ. ಮಾವ ತೀರಿಕೊಂಡಿದ್ದರು. ಗಂಡನ ಅಕ್ಕನನ್ನು ಅದೇ ಊರಿಗೆ ಕೊಟ್ಟಿದ್ದರು, ಆಕೆ ದಿನಾ ಬೆಳಿಗ್ಗೆ ತವರಿನ ಹೊಸ್ತಿಲು ತುಳಿಯದೆ ಕಾಫಿ ಕುಡಿಯುವವಳಲ್ಲ. ಇದಿಷ್ಟನ್ನೂ ಅತ್ತೆಯೇ ಹೇಳಿದರು. ಸೊಸೆ ತಲೆ ಬಗ್ಗಿಸಿ ಸೆರಗಿನ ತುದಿ ಮಡಚುತ್ತಾ ಕೂತಿದ್ದಳು.

ನಾನು ಮೊದಲು ಕೇಳುವುದು ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಏನೇನು ಹೋಯಿತು ಎಂದು. ಯಾರೂ ಪೂರ್ತಿ ನಿಜ ಹೇಳುವುದಿಲ್ಲ. "ಒಂದ್ ಮುದ್ದೆ ಅಷ್ಟೇ" ಎನ್ನುತ್ತಾರೆ. ಆ ಮುದ್ದೆ ಎಷ್ಟಿತ್ತು ಎಂದು ಕೈಯಲ್ಲಿ ತೋರಿಸಲು ಹೇಳಿದರೆ ಚಿಕ್ಕ ತೆಂಗಿನಕಾಯಿಯಷ್ಟು ತೋರಿಸುತ್ತಾರೆ. ಇವಳೂ ಹಾಗೇ ತೋರಿಸಿದಳು. ಆದರೆ ತೋರಿಸಿದ ಮೇಲೆ ಮೆಲ್ಲಗೆ, "ಸಂಜೆ ಹಸು ಹಾಲು ಕರೆಯೋ ಹೊತ್ತಲ್ಲಿ ಕೊಬ್ರಿ ಬೆಲ್ಲ ತಿಂತೀನಿ ಮೇಡಂ. ಯಾರಿಗೂ ಗೊತ್ತಿಲ್ಲ" ಎಂದಳು. ಅತ್ತೆ ಪಕ್ಕದಲ್ಲೇ ಇದ್ದರು. ಹೀಗೆ ತಾನಾಗಿ ಕದ್ದು ತಿಂದದ್ದನ್ನು ಒಪ್ಪಿಕೊಳ್ಳುವವರ ಉಳಿದ ಲೆಕ್ಕವನ್ನು ನಾನು ನಂಬುತ್ತೇನೆ. ಅದು ಇಷ್ಟು ವರ್ಷದ ಕೆಲಸ ಕಲಿಸಿದ ಪಾಠ.

ಆಮೇಲೆ ಮುಟ್ಟಿನ ವಿಚಾರ. ಇದಕ್ಕೆ ಮಾತ್ರ ಹುಡುಗಿ ಬಾಯಿ ಬಿಡುವ ಮೊದಲೇ ಅತ್ತೆ ಉತ್ತರ ಕೊಟ್ಟರು.

"ಅದ್ರಲ್ಲೇನೂ ತೊಂದ್ರೆ ಇಲ್ಲ ಕಣವ್ವ. ತಿಂಗ್ಳಿಗೆ ಸರಿಯಾಗಿ ಹೊರಗೆ ಕೂತ್ಕತಾಳೆ. ಒಂದ್ ದಿನ ಹಿಂದಿಲ್ಲ, ಒಂದ್ ದಿನ ಮುಂದಿಲ್ಲ."

ಆ ಮನೆಯಲ್ಲಿ ಇನ್ನೂ ಹೊರಗೆ ಕೂರುವ ಪದ್ಧತಿ ಇತ್ತು. ಹೊರಗೆ ಎಂದರೆ ಬೀದಿಯಲ್ಲಲ್ಲ, ಪಡಸಾಲೆಯ ಪಕ್ಕದ ಕೋಣೆಯಲ್ಲಿ. ಮೂರು ದಿನ ಬೇರೆ ಚಾಪೆ, ಬೇರೆ ತಟ್ಟೆ. ಅಡಿಗೆ ಮನೆಗೂ ದೇವರ ಕೋಣೆಗೂ ಹೋಗುವಂತಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಪದ್ಧತಿ ನನಗೆ ಹಿಡಿಸುವುದಿಲ್ಲ, ಅದನ್ನು ಮುಚ್ಚಿಡುವವಳೂ ಅಲ್ಲ. ಆದರೆ ಅವತ್ತು ಒಳಗೊಳಗೇ ಖುಷಿಪಟ್ಟೆ. ನನ್ನ ಹತ್ತಿರ ಬರುವ ಹುಡುಗಿಯರು ಮುಟ್ಟಿನ ತಾರೀಕು ಕೇಳಿದರೆ ಸೂರು ನೋಡುತ್ತಾರೆ. ಇಲ್ಲಿ ಒಂದು ಮನೆಗೆ ಮನೆಯೇ ಸಾಕ್ಷಿ ಹೇಳುತ್ತಿತ್ತು. ಪಿಸಿಓಎಸ್ ಇದ್ದೂ ಮುಟ್ಟು ಸರಿಯಾಗಿ ಬರುವವರು ಇದ್ದಾರೆ, ಅಂಡ ಮಾತ್ರ ಬಲಿಯುವುದಿಲ್ಲ ಎಂದು ಡಾಕ್ಟರಮ್ಮನೂ ಹೇಳಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಕೆಲಸ ಶುರು ಮಾಡಿದೆವು. ಮುದ್ದೆ ನಿಲ್ಲಿಸಲಿಲ್ಲ, ಮುದ್ದೆ ನಿಲ್ಲಿಸಿ ಎಂದರೆ ಆ ಕಡೆಯ ಜನ ಮರುವಾರ ಬರುವುದಿಲ್ಲ. ಅರ್ಧಕ್ಕೆ ಇಳಿಸಿ, ಕಡಿಮೆಯಾದ ಜಾಗಕ್ಕೆ ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ತುಂಬಿಸಿದೆ. ಬೆಳಿಗ್ಗೆ ಮೊಳಕೆ ಹುರುಳಿ ಇಲ್ಲವೇ ಮೊಟ್ಟೆ. ಕಾಫಿಗೆ ಸಕ್ಕರೆ ಬೇಡ. ಡೈರಿಗೆ ಹಾಲು ಹಾಕಲು ಯಾರದೋ ಬೈಕಿನ ಹಿಂದೆ ಕೂತು ಹೋಗುತ್ತಿದ್ದವಳಿಗೆ ಎರಡು ಹೊತ್ತೂ ನಡೆದೇ ಹೋಗಬೇಕು ಎಂದೆ. ಮಲಗುವಾಗ ಮೊಬೈಲು ಅತ್ತೆಯ ದಿಂಬಿನ ಕೆಳಗೆ. ಸಕ್ಕರೆ ಹತೋಟಿಗೆ ಡಾಕ್ಟರಮ್ಮ ಬರೆದ ಮೆಟ್‌ಫಾರ್ಮಿನ್ ಮಾತ್ರೆ ಊಟವಾದ ಮೇಲೆ. ಹುಡುಗಿ ಹೇಳಿದ್ದನ್ನೆಲ್ಲ ಹಟ ಹಿಡಿದಂತೆ ಮಾಡಿದಳು. ಟೇಪು ಸಡಿಲವಾಗುತ್ತಾ ಬಂತು, ಕತ್ತಿನ ಕಪ್ಪು ತಿಳಿಯಾಯಿತು. ನಡುವೆ ಗಂಡ ಊರಿಗೆ ಬಂದು ಕೆಲವು ವಾರ ಇದ್ದು ಹೋದ.

ಅವನು ಹೋದ ಸ್ವಲ್ಪ ದಿನಕ್ಕೆ ಲೆಕ್ಕ ಕೆಟ್ಟಿತು. ತೂಕ ಇಳಿಯುವುದು ನಿಂತಿತು. ಊಟ ಸೇರುತ್ತಿಲ್ಲ, ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ ಎಂದಳು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅರ್ಧ ಜನ ಹೇಳುವ ಮಾತೇ ಅದು. ಡಾಕ್ಟರಮ್ಮನನ್ನು ಕೇಳಿ ಮಾತ್ರೆಯನ್ನು ರಾತ್ರಿಗೆ ಬದಲಿಸಿದೆ, ಕೊಬ್ಬರಿ ಬೆಲ್ಲ ಮತ್ತೆ ಶುರುವಾಯಿತೇ ಎಂದು ಗದರಿದೆ. ಬೇರೆ ಅನುಮಾನ ಬರಲು ಎಡೆಯೇ ಇರಲಿಲ್ಲ. ಅತ್ತೆ ಪ್ರತಿ ಸಲ, "ಮೊನ್ನೆ ತಾನೆ ಹೊರಗೆ ಕೂತು ಎದ್ದಳು" ಎನ್ನುತ್ತಿದ್ದರು.

ಅಷ್ಟರಲ್ಲಿ ಗಂಡ ಮತ್ತೆ ಬರುವ ಸುದ್ದಿ ಬಂತು. ಈ ಸಲ ಹೆಚ್ಚು ದಿನ ಇರುತ್ತಾನೆ, ಅಂಡ ಬಲಿಯುವ ಮಾತ್ರೆಯನ್ನು ಈ ತಿಂಗಳೇ ಶುರು ಮಾಡೋಣ ಎಂದು ಡಾಕ್ಟರಮ್ಮ ತೀರ್ಮಾನಿಸಿದರು. ಆ ಮಾತ್ರೆಗೆ ಒಂದು ಕ್ರಮ ಇದೆ. ಮುಟ್ಟಿನ ಎರಡನೇ ದಿನ ಸ್ಕ್ಯಾನ್ ಮಾಡಿ ಗರ್ಭಕೋಶ, ಅಂಡಾಶಯ ಹೇಗಿವೆ ಎಂದು ನೋಡಿ ಆಮೇಲೆ ಕೊಡಬೇಕು. ಹೊಟ್ಟೆಯಲ್ಲಿ ಆಗಲೇ ಮಗು ಇದ್ದರೆ ಆ ಮಾತ್ರೆ ಕೊಡಲೇಬಾರದು.

ಹೇಳಿದ ದಿನ ಇಬ್ಬರೂ ಬಂದರು. ಅತ್ತೆ ಒಂದು ಕುರ್ಚಿ ಬಿಟ್ಟು ಆಚೆ ಕೂತರು. "ನಿನ್ನೆ ಹೊತ್ತಾರೆ ಕೂತ್ಲು ಕಣವ್ವ. ಇವತ್ತು ಎರಡನೇ ದಿನ. ನಿಮ್ ಮಾತು ಮೀರ್ನಿಲ್ಲ" ಎಂದು ನನಗೆ ವರದಿ ಒಪ್ಪಿಸಿದರು. ನಾನು ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದೆ. ಡಾಕ್ಟರಮ್ಮ ಹೊಟ್ಟೆಗೆ ಜೆಲ್ ಹಚ್ಚಿ ನೋಡತೊಡಗಿದರು. ನೋಡುತ್ತಾ ನೋಡುತ್ತಾ ಅವರ ಕೈ ನಿಂತಿತು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಊಟದವಳು, ಸ್ಕ್ಯಾನ್ ಓದಲು ಬರುವುದಿಲ್ಲ. ಆದರೆ ಅದನ್ನು ಓದಲು ಯಾವ ವಿದ್ಯೆಯೂ ಬೇಕಿರಲಿಲ್ಲ. ತಲೆ ಇತ್ತು, ಮೈ ಇತ್ತು, ಒಂದು ಪುಟ್ಟ ಕೈ ಆಡುತ್ತಿತ್ತು.

"ಇವತ್ತು ಬ್ಲೀಡಿಂಗ್ ಆಗ್ತಿದೆಯೇನಮ್ಮ?" ಡಾಕ್ಟರಮ್ಮನ ದನಿ ತೀರ ತಗ್ಗಿತ್ತು.

ಹುಡುಗಿ ಸೂರು ನೋಡುತ್ತಾ ಇಲ್ಲ ಎಂದು ತಲೆಯಾಡಿಸಿದಳು.

"ನಿನ್ನೆ?"

"ಇಲ್ಲ."

"ಹೋದ ತಿಂಗಳು?"

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಡಾಕ್ಟರಮ್ಮ ಅಳತೆ ತೆಗೆದು, "ಮೂರು ತಿಂಗಳು ತುಂಬ್ತಾ ಬಂದಿದೆ. ಮಗು ಚೆನ್ನಾಗಿದೆ" ಎಂದರು. ಗಂಡ ಊರಿನಲ್ಲಿದ್ದ ದಿನಗಳಿಗೆ ಲೆಕ್ಕ ಸರಿಯಾಗಿ ಕೂಡುತ್ತಿತ್ತು. ನನಗೆ ಕುಣಿಯುವಂತಾಯಿತು, ಒಂದೇ ಒಂದು ಕ್ಷಣ. ಹುಡುಗಿಯ ಮುಖ ನೋಡಿದ ಮೇಲೆ ಕುಣಿತ ಅಲ್ಲೇ ನಿಂತಿತು. ಅವಳು ಎದ್ದು ಕೂತು ನನ್ನ ಮೊಣಕೈ ಹಿಡಿದುಕೊಂಡಿದ್ದಳು.

"ಇದನ್ನ ತೆಗೆದುಬಿಡಿ ಮೇಡಂ. ಅತ್ತೆಗೆ ಹೇಳ್ಬೇಡಿ. ನಾನು ಬದುಕಲ್ಲ."

ಬಾಗಿಲಾಚೆ ಅತ್ತೆ ಕೆಮ್ಮಿದ್ದು ಕೇಳಿಸಿತು. ನಾನು ಚಿಲಕ ಹಾಕಿ ಬಂದೆ. ಆಮೇಲೆ ಅವಳು ಬಿಟ್ಟು ಬಿಟ್ಟು ಹೇಳಿದ್ದು ಇಷ್ಟು.

ಮದುವೆಯಾದ ಮೊದಲ ವರ್ಷ ಎರಡು ತಿಂಗಳು ಮುಟ್ಟಾಗಲಿಲ್ಲ. ಸೊಸೆ ಹೊರಗೆ ಕೂರಲಿಲ್ಲ ಎಂಬುದು ಮನೆಗೆಲ್ಲ ಕಾಣುತ್ತದಲ್ಲ, ಬಸುರಿ ಎಂದು ತಾವೇ ತೀರ್ಮಾನ ಮಾಡಿ ಬೀದಿಗೆಲ್ಲ ಹೇಳಿದರು. ಗಂಡನ ಅಕ್ಕ ಹಸಿರು ಬಳೆ ತೊಡಿಸಿದಳು. ಮೂರನೇ ತಿಂಗಳು ಮುಟ್ಟಾಯಿತು. ಇನ್ನೊಮ್ಮೆಯೂ ಹಾಗೇ ಆಯಿತು. ಆಗ ಗಂಡನ ಅಕ್ಕ ಅಂಗಳದಲ್ಲಿ ನಿಂತು, "ಬಸ್ರಿ ನಾಟ್ಕ ಆಡಿ ತುಪ್ಪ ತಿನ್ನೋಳು" ಎಂದಳಂತೆ. ಅಂದಿನಿಂದ ಹುಡುಗಿ ಮುಟ್ಟು ಬರಲಿ ಬಿಡಲಿ, ತಿಂಗಳಿಗೆ ಸರಿಯಾಗಿ ಹೊರಗೆ ಕೂರತೊಡಗಿದಳು. ಕೂತರೆ ಯಾರೂ ಏನೂ ಕೇಳುತ್ತಿರಲಿಲ್ಲ. ಮನೆಗೆ ಮನೆಯೇ ಹೇಳುತ್ತಿದ್ದ ಆ ಸಾಕ್ಷಿ ಪೂರ್ತಿ ಸುಳ್ಳಾಗಿತ್ತು.

ಗಂಡ ಹೋದ ಮೇಲೆ ಅವಳು ಮೂರು ಸಲ ಹೊರಗೆ ಕೂತಿದ್ದಳು, ಇದೂ ಸೇರಿ. ಮುಟ್ಟು ಬಾರದಿರುವುದು ಅವಳಿಗೆ ಹೊಸದಲ್ಲ, ಹಾಗಾಗಿ ಬಸುರು ಎಂದು ಹೊಳೆಯಲೇ ಇಲ್ಲ. ಹೊಟ್ಟೆ ತೊಳಸಿದ್ದಕ್ಕೆ ಮಾತ್ರೆ ಕಾರಣ ಎಂದು ನಾನೇ ಹೇಳಿದ್ದೆ. ಈಗ ಮನೆಯ ಲೆಕ್ಕದಲ್ಲಿ ಏನಾಗುತ್ತದೆ? ಗಂಡ ಹೋದ ಮೇಲೆ ಮೂರು ಸಲ ಮುಟ್ಟಾದವಳು ಬಸುರಿ. ಸುಳ್ಳು ಕೂತಿದ್ದೆ ಎಂದು ಈಗ ಹೇಳಿದರೆ, ಬಸುರನ್ನು ಯಾಕೆ ಮುಚ್ಚಿಟ್ಟೆ, ಯಾರದು ಎಂದು ಕೇಳುತ್ತಾರೆ.

"ನಮ್ಮ ಅತ್ತೆ ಕೇಳ್ದಿದ್ರೂ ನಮ್ಮೆಜಮಾನ್ರ ಅಕ್ಕ ಕೇಳೇ ಕೇಳ್ತಾರೆ. ನಮ್ಮೆಜಮಾನ್ರು ಅವ್ರಕ್ಕನ ಮಾತು ತೆಗೆದುಹಾಕಲ್ಲ."

ಡಾಕ್ಟರಮ್ಮ ಕೈಗವಸು ಬಿಚ್ಚಿ ಅವಳೆದುರು ಸ್ಟೂಲ್ ಎಳೆದುಕೊಂಡರು. "ನೋಡಮ್ಮ, ಬೇಡ ಅನ್ನೋದು ನಿನ್ನ ಹಕ್ಕು. ಅದಕ್ಕೆ ಗಂಡನ ಸಹಿಯೂ ಬೇಕಿಲ್ಲ, ಅತ್ತೆ ಸಹಿಯೂ ಬೇಕಿಲ್ಲ. ಆದರೆ ನೀನು ಇದು ಬೇಕು ಅಂತ ನಾಲ್ಕು ವರ್ಷ ಅಲೆದವಳು. ಈಗ ಹೆದರಿ ಬೇಡ ಅಂತಿದ್ದೀಯ. ಹೆದರಿದವಳ ಮಾತು ಕೇಳಿ ಇವತ್ತೇ ನಾನು ಏನೂ ಮಾಡಲ್ಲ."

ಆಮೇಲೆ ನನ್ನನ್ನು ಮೂಲೆಗೆ ಕರೆದು ಒಂದು ದಾರಿ ಹೇಳಿದರು. ಬಸುರಿನಲ್ಲೂ ಕೆಲವರಿಗೆ ಮುಟ್ಟಿನ ಹಾಗೆ ರಕ್ತ ಕಾಣಿಸುವುದುಂಟು. ಇವಳಿಗೂ ಹಾಗೇ ಆಗಿದೆ, ಅದನ್ನೇ ಮುಟ್ಟು ಎಂದುಕೊಂಡಿದ್ದಳು ಎಂದು ಅತ್ತೆಗೆ ಹೇಳಿದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತದೆ. ನೋಡಲು ಎಷ್ಟು ಸಲೀಸು. ನನಗೂ ಆಸೆಯಾಯಿತು. ಆದರೆ ತಡೆದೆ.

"ಹಾಗಂದರೆ ತಾಯಿ ಕಾರ್ಡಿನಲ್ಲೂ ಹಾಗೇ ಬರೆಯಬೇಕು. ಮೂರು ಸಲ ರಕ್ತ ಹೋದ ಬಸುರಿ ಅಂತ ಮುಂದೆ ನೋಡುವ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ, ಮನೆಯವರು ಹಾಸಿಗೆ ಹಿಡಿಸುತ್ತಾರೆ. ಇವಳಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಮೊದಲೇ ಹೆಚ್ಚು, ಒಂಬತ್ತು ತಿಂಗಳು ಮಲಗಿಸಿ ತುಪ್ಪ ತಿನ್ನಿಸಿದರೆ ನಾವು ಮಾಡಿದ್ದೆಲ್ಲ ಹೊಳೆಗೆ ಹೋಯಿತು."

"ಮಲಗಿದರೆ ಸಕ್ಕರೆ ಬರುತ್ತೆ, ಸರಿ. ನಿಜ ಹೇಳಿದರೆ ಮನೆಯಿಂದ ಆಚೆ ಹಾಕ್ತಾರೆ. ಯಾವುದು ವಾಸಿ?"

ಡಾಕ್ಟರಮ್ಮ ಹೇಳಿದ್ದರಲ್ಲಿ ಸುಳ್ಳಿತ್ತೇ ಹೊರತು ತಪ್ಪಿರಲಿಲ್ಲ. ಇಬ್ಬರೂ ಪಿಸುದನಿಯಲ್ಲೇ ಜಗಳವಾಡಿದೆವು. ಹೊರಗಿನಿಂದ ಅತ್ತೆ ಬಾಗಿಲು ತಟ್ಟಿ, "ಆಯ್ತೇನ್ರವ್ವಾ?" ಎಂದರು. ಇನ್ನೂ ಸ್ವಲ್ಪ ಇದೆ ಎಂದೆ.

ಆಗ ಮಂಚದ ಮೇಲಿಂದ ಹುಡುಗಿ ತಾನಾಗಿಯೇ ಅಂದಳು: "ನಿಜ ಹೇಳಾಕೂ ಆಗಲ್ಲ ಮೇಡಂ. ಅದಕ್ಕಿಂತ ಕೆಟ್ಟದ್ದು ಇನ್ನೊಂದೈತೆ."

ಬಾರದಿದ್ದಾಗ ಹೊರಗೆ ಕೂತಳು, ಸರಿ. ಬಂದಾಗ? ನಿಜವಾದ ಮುಟ್ಟು ಬರುತ್ತಿದ್ದದ್ದು ಅದಕ್ಕೆ ತೋಚಿದ ದಿನ. ಆ ತಿಂಗಳು ಆಗಲೇ ಕೂತು ಎದ್ದಿರುತ್ತಿದ್ದಳು, ಮತ್ತೆ ಕೂರುವಂತಿರಲಿಲ್ಲ. ಹಾಗಾಗಿ ಬಚ್ಚಿಟ್ಟುಕೊಂಡು ಅಡಿಗೆ ಮಾಡಿದ್ದಳು, ದೇವರ ದೀಪ ಹಚ್ಚಿದ್ದಳು. ಹೋದ ವರ್ಷ ಹಿರಿಯರ ಹಬ್ಬದಲ್ಲಿ, ಮಾವನಿಗೆ ಮೊದಲ ಸಲ ಎಡೆ ಇಡುವಾಗ, ಅವಳಿಗೆ ಹಿಂದಿನ ರಾತ್ರಿಯೇ ಮುಟ್ಟಾಗಿತ್ತು. ಎಡೆಯ ಅಡಿಗೆಯನ್ನೆಲ್ಲ ಅವಳೇ ಮಾಡಿದ್ದಳು. ತಾರಸಿಯ ಮೇಲೆ ಇಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಅತ್ತೆ ಸಂಜೆಯವರೆಗೆ ಉಪವಾಸ ಕಾದು, ಕೊನೆಗೆ ಅಳುತ್ತಾ ಕೆಳಗೆ ಇಳಿದು ಎಲೆಯನ್ನು ಹಸುವಿಗೆ ಹಾಕಿದರು.

"ಅದನ್ನ ಹೇಳಿದ್ರೆ ನನ್ ಮುಖ ನೋಡಲ್ಲ ಅವ್ರು."

ನನಗೆ ಕಾಗೆಯಲ್ಲೂ ಮೈಲಿಗೆಯಲ್ಲೂ ನಂಬಿಕೆ ಇಲ್ಲ. ಆದರೆ ಆ ಮಾತು ಕೇಳಿದ ಕೂಡಲೇ ಏನು ಮಾಡಬೇಕು ಎಂದು ನನಗೆ ಹೊಳೆಯಿತು. ನನ್ನ ಮುಂದೆ ಕೂತು ಮುದ್ದೆಯ ಲೆಕ್ಕ ಹೇಳುವವರಲ್ಲಿ ನಾನು ಯಾರನ್ನು ನಂಬುತ್ತೇನೆ? ತಮ್ಮ ಮೇಲೆಯೇ ತಪ್ಪು ಬರುವಂಥದ್ದನ್ನು ಮೊದಲು ಹೇಳುವವರನ್ನು.

"ಎಡೆ ವಿಷಯಾನೇ ಮೊದಲು ಹೇಳು" ಎಂದೆ.

ಡಾಕ್ಟರಮ್ಮ ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದರು.

"ಬಸುರಿ ಅಂತ ಮೊದಲು ಹೇಳಿದರೆ, ಆಮೇಲೆ ಹೇಳುವುದೆಲ್ಲ ತಪ್ಪಿಸಿಕೊಳ್ಳಲು ಕಟ್ಟಿದ ಕತೆ ಆಗುತ್ತೆ. ಎಡೆ ಕೆಡಿಸಿದೆ ಅಂತ ಯಾರಾದರೂ ಸುಳ್ಳು ಹೇಳಿಕೊಳ್ಳುತ್ತಾರಾ? ಅದನ್ನು ಒಪ್ಪಿಕೊಂಡವಳ ಉಳಿದ ಮಾತು ಅವರು ನಂಬಲೇಬೇಕು. ಆದರೆ ನಾನು ಹೇಳಲ್ಲ, ಡಾಕ್ಟರಮ್ಮನೂ ಹೇಳಲ್ಲ. ನೀನೇ ಹೇಳಬೇಕು. ಬೇಡ ಅಂದರೆ ಈಗಲೇ ಹೇಳು, ಬೇರೆ ಏನಾದರೂ ನೋಡೋಣ. ನೀನು ಹೂಂ ಅನ್ನದೆ ಈ ಬಾಗಿಲು ತೆಗೆಯಲ್ಲ."

ಅವಳು ಪರದೆಯ ಕಡೆ ತಿರುಗಿದಳು. ಚಿತ್ರ ಅಲ್ಲಿ ಹಾಗೇ ನಿಂತಿತ್ತು. ಅದನ್ನೇ ನೋಡುತ್ತಾ, "ನೀವು ಪಕ್ಕದಲ್ಲೇ ಕೂತ್ಕತೀರಾ?" ಎಂದಳು. ಕೂರುತ್ತೇನೆ ಎಂದೆ. ಡಾಕ್ಟರಮ್ಮ ಪರದೆ ಆರಿಸಿದರು, ನಾನು ಚಿಲಕ ತೆಗೆದೆ.

ಅತ್ತೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರ ಮುಖ ನೋಡಿದರು. ಏನೋ ಕೆಟ್ಟ ಗಡ್ಡೆ ಸಿಕ್ಕಿದೆ ಎಂದುಕೊಂಡಿದ್ದರು ಅನಿಸುತ್ತದೆ. ಹುಡುಗಿ ನೆಲ ನೋಡುತ್ತಾ ಶುರು ಮಾಡಿದಳು. ಎಡೆ, ಕಾಗೆ, ಹಿಂದಿನ ರಾತ್ರಿ. ಅಲ್ಲಿಂದ ಹಿಂದಕ್ಕೆ, ಹಸಿರು ಬಳೆ, ಅಂಗಳದ ಮಾತು, ಸುಳ್ಳು ಹೊರಗೆ ಕೂತದ್ದು. ಕೊನೆಗೆ ಗಂಡ ಬಂದು ಹೋದದ್ದು, ಇವತ್ತು ಕಂಡದ್ದು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಎರಡು ಕಡೆ ಅತ್ತೆ, "ಏನು? ಗಟ್ಟಿಯಾಗಿ ಹೇಳು" ಎಂದು ಕೇಳಬೇಕಾಯಿತು. ಈ ಸಲಹೆ ಕೊಟ್ಟದ್ದು ನಾನು. ತಿರುಗಿ ಬಿದ್ದರೆ ಹೊರೆ ಹೊರುವವಳು ಆ ಹುಡುಗಿ.

ಅತ್ತೆ ಬಸುರಿನ ಮಾತು ಎತ್ತಲೇ ಇಲ್ಲ.

"ಅವತ್ತು ನೀನು ಹೊರಗಿದ್ಯಾ?" ಎಂದರು.

"ಹೂಂ ಅತ್ತೆ."

"ಒಬ್ಬಟ್ಟೂ ನೀನೇ ತಟ್ಟಿದ್ದು?"

"ಹೂಂ."

ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು. ಬೈಗುಳ ಬರುತ್ತದೆ ಎಂದು ನಾನು ಕಾದೆ. ಅವರು ನನ್ನ ಕಡೆ ತಿರುಗಿದರು.

"ನಮ್ಮನೇರಿಗೆ ಸಕ್ಕರೆ ಕಾಯಿಲೆ ಇತ್ತು ಕಣವ್ವ. ಕಾಲು ಹುಣ್ಣಾಗಿತ್ತು. ಹಬ್ಬದ ದಿನ ಒಂದು ಒಬ್ಬಟ್ಟು ಕೊಡು ಅಂದ್ರು. ಡಾಕ್ಟ್ರು ಬ್ಯಾಡ ಅಂದವ್ರೆ ಅಂತ ನಾನು ಕೊಡ್ನಿಲ್ಲ. ಆ ವಾರದಲ್ಲೇ ಹೋಗ್ಬಿಟ್ರು. ಎಡೇಲಿ ಮಡಗಿದ್ರೆ ಕಾಗೆ ಹತ್ರಕ್ಕೂ ಬರ್ನಿಲ್ಲ. ಆಸೆ ಪಟ್ಟಾಗ ಕೊಡ್ನಿಲ್ಲ, ಈಗ ಯಾತಕ್ಕೆ ಅಂತ ನನ್ ಮೇಲೆ ಕೋಪ ಮಾಡ್ಕಂಡವ್ರೆ ಅಂತ ತಿಳ್ಕಂಡಿದ್ದೆ. ಒಂದ್ ವರ್ಷ ಆಯ್ತು, ಒಬ್ಬಟ್ಟು ನನ್ ಗಂಟಲಲ್ಲಿ ಇಳಿದಿಲ್ಲ." ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: "ನೀವು ಊಟದ ಡಾಕ್ಟ್ರು. ನೀವೇ ಹೇಳಿ. ಒಂದು ಕೊಟ್ಟಿದ್ರೆ ಏನಾಯ್ತಿತ್ತು?"

ಸಿಹಿ ಮುಟ್ಟಬೇಡಿ ಎಂದು ದಿನಾ ಜನರಿಗೆ ಹೇಳುವವಳು ನಾನು. ಅವರ ಗಂಡನಿಗೆ ಹೇಳಿದವರು ಬೇರೆ ಯಾರೋ ಇರಬಹುದು, ಹೇಳಿದ್ದು ನನ್ನದೇ ಮಾತು.

"ಏನೂ ಆಗ್ತಿರಲಿಲ್ಲಮ್ಮ. ಕೊಟ್ಟಿದ್ದಕ್ಕೆ ಸಾಯ್ತಿರಲಿಲ್ಲ, ಕೊಡದೆ ಇದ್ದಿದ್ದಕ್ಕೆ ಸತ್ತದ್ದೂ ಅಲ್ಲ. ಬದುಕಲಿ ಅಂತ ನೀವು ಕೊಡಲಿಲ್ಲ, ಅಷ್ಟೇ."

ಅವರು ಅತ್ತರು. ಹುಡುಗಿಯೂ ಅತ್ತಳು, ಆದರೆ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಡಾಕ್ಟರಮ್ಮ ನೀರು ತರಿಸಿದರು.

ಅದೇ ಹೊತ್ತಿಗೆ ಅತ್ತೆಯ ಕೈಚೀಲದೊಳಗೆ ಮೊಬೈಲು ಹೊಡೆದುಕೊಂಡಿತು. ಗಂಡನ ಅಕ್ಕ. ಹುಡುಗಿ ಮತ್ತೆ ನನ್ನ ಮೊಣಕೈ ಹಿಡಿದಳು. ಎತ್ತಬೇಡಿ ಎಂದು ಹೇಳೋಣ ಎಂದುಕೊಂಡೆ, ಅಷ್ಟರಲ್ಲಿ ಅತ್ತೆ ಮೂಗು ಒರೆಸಿಕೊಂಡು ಎತ್ತಿಯಾಗಿತ್ತು. ಅವರಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

"ಏನವ್ವಾ, ಸ್ಕ್ಯಾನ್ ಆಯ್ತಾ? ಮಾತ್ರೆ ಕೊಟ್ರಾ?"

"ಮಾತ್ರೆ ಬ್ಯಾಡ್ವಂತೆ. ಮೂರು ತಿಂಗ್ಳು ಕಣೆ, ಬಸ್ರಿ."

"ಅದೆಂಗವ್ವಾ? ನೆನ್ನೆ ತಾನೆ ಹೊರಗೆ ಕೂತವ್ಳೆ. ತಮ್ಮ ಹೋದ್ಮೇಲೆ ಎಷ್ಟು ಸಲ ಕೂತ್ಲು, ನಾನೇ ಕಣ್ಣಾರೆ ನೋಡಿವ್ನಿ" ಎಂಬ ಮಾತು ಕೋಣೆಗೆಲ್ಲ ಕೇಳಿಸಿತು.

ಅತ್ತೆ ಸೊಸೆಯ ಕಡೆ ನೋಡಿದರು. ಆ ನೋಟ ನನಗೆ ಅರ್ಥವಾಗಲಿಲ್ಲ.

"ನಾನೇ ಕೂರ್ಸಿದ್ದು" ಎಂದರು.

"ನೀನಾ? ಯಾಕವ್ವಾ?"

"ಎರಡು ಸಲ ಊರಿಗೆಲ್ಲ ಹೇಳ್ಕಂಡು ಏನಾಯ್ತು? ಮೂರು ತುಂಬೋ ಗಂಟ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು, ದೃಷ್ಟಿ ಆಯ್ತದೆ ಅಂತ ನಾನೇ ಕೂರ್ಸಿದೆ. ಮಾತ್ರೆಗೆ ಅಂತ ಹೇಳಿ ಹೊರಟಿದ್ದೂ ಅದಕ್ಕೇಯ."

"ನನ್ಗೂ ಹೇಳ್ನಿಲ್ವಲ್ಲವ್ವಾ."

"ಮೊದ್ಲು ಬೀಳೋದೇ ನಿನ್ ಕಣ್ಣು ಕಣೆ. ಮಡಗು ಫೋನು. ನಿನ್ ತಮ್ಮಂಗೆ ನಾನೇ ಹೇಳ್ತೀನಿ."

ಡಾಕ್ಟರಮ್ಮ ನಗು ತಡೆಯಲು ಕಿಟಕಿಯ ಕಡೆ ತಿರುಗಿ ನಿಂತಿದ್ದರು, ಅವರ ಭುಜ ಅಲುಗುತ್ತಿತ್ತು. ಅಷ್ಟು ಹೊತ್ತು ಸುಳ್ಳು ಬೇಡ ಎಂದು ಅವರ ಜೊತೆ ಜಗಳವಾಡಿದ್ದ ನಾನು ತುಟಿ ಬಿಚ್ಚಲಿಲ್ಲ. ಮೂರು ತಿಂಗಳು ತುಂಬುವವರೆಗೆ ಬಸುರನ್ನು ಮುಚ್ಚಿಡುವುದು ಆ ಕಡೆ ಮನೆಮನೆಯ ವಾಡಿಕೆ. ಅದಕ್ಕೆ ಯಾರೂ ಎದುರು ಪ್ರಶ್ನೆ ಹಾಕುವಂತಿಲ್ಲ.

ಅತ್ತೆ ಮೊಬೈಲನ್ನು ಚೀಲಕ್ಕೆ ಹಾಕಿ ಎದ್ದು ನಿಂತರು. ಸೊಸೆ ಅವರ ಕಾಲಿಗೆ ಬೀಳಲು ಬಗ್ಗಿದಳು. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ. ಮಗು ನಮ್ಮನೇದು, ಅದ್ರಲ್ಲಿ ಎರಡು ಮಾತಿಲ್ಲ. ಎಡೆ ವಿಷ್ಯ ಬೇರೆ. ಅದನ್ನ ನಾನು ಮರೆಯಕ್ಕಿಲ್ಲ. ಇನ್ಮೇಲೆ ಎಡೆ ಅಡಿಗೆ ನಾನೇ ಮಾಡ್ತೀನಿ."

"ಹೂಂ ಅತ್ತೆ."

ನಾನು ಮುಂದಿನ ತಿಂಗಳ ಊಟದ ಕ್ರಮ ಹೇಳತೊಡಗಿದೆ. ಹಾಸಿಗೆ ಹಿಡಿಯುವುದು ಬೇಡ, ಡೈರಿಗೆ ನಡೆಯುವುದು ನಿಲ್ಲಿಸಬಾರದು, ತುಪ್ಪ ಬೆಲ್ಲ ಸುರಿಯಬಾರದು, ಸಕ್ಕರೆಯ ಪರೀಕ್ಷೆ ಬೇಗನೆ ಆಗಬೇಕು. ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ. ಸೊಸೆಯನ್ನೇ ನೋಡುತ್ತಿದ್ದರು.

"ಅಲ್ಲ ಕಣವ್ವ, ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಉಂಡೋರು ನಾವು. ಬರ್ನಿಲ್ಲ ಅತ್ತೆ ಅಂತ ಒಂದ್ ಮಾತು ಹೇಳಿದ್ರೆ ನಾನೇನು ನಿನ್ನ ಕೊಂದಾಕ್ತಿದ್ನಾ?"

ಹುಡುಗಿ ತಲೆ ಎತ್ತಿದಳು. ಅವತ್ತು ಅವಳು ಅತ್ತೆಯ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಹೂಂ ಅತ್ತೆ" ಎಂದಳು. "ಹಂಗೇ ಅಂದ್ಕಂಡಿದ್ದೆ."

ಎದ್ದಿದ್ದ ಅತ್ತೆ ಮತ್ತೆ ಸ್ಟೂಲಿನ ಮೇಲೆ ಕೂತರು. ಹಳೇಬೀಡಿನ ಬಸ್ಸಿಗೆ ಹೊತ್ತಾಗುತ್ತದೆ ಎಂದು ನಾನು ನೆನಪಿಸಿದ ಮೇಲೂ ಅವರು ಏಳಲಿಲ್ಲ.